ಹೊಟ್ಟೆ ಹುಣ್ಣು, ಗಿಡಮೂಲಿಕೆ, ಡೋಸು: ಜನ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಫಾರ್ಮಕಾಲಜಿ, ಅಂದ್ರೆ ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡ್ತದೆ ಅನ್ನೋ ಶಾಸ್ತ್ರ, ಓದಿ ಅದನ್ನೇ ಪಾಠ ಮಾಡ್ಕೊಂಡಿರೋನು, ಊರು ಶಿರಸಿ ಹತ್ರದ ಹಳ್ಳಿ. ಊರಿಗೆ ಹೋದ್ರೆ ಸಾಕು, ಮದುವೆಮನೆ ಪಂಕ್ತೀಲಿ, ಅಡಿಕೆ ಸುಲಿಯೋ ಅಂಗಳದಲ್ಲಿ, ಕುಮಟಾ ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಹಿಡ್ಕೊಂಡು ಕೇಳ್ತಾರೆ, ಕಾರವಾರದ ನೆಂಟರು ಫೋನಲ್ಲಿ ಕೇಳ್ತಾರೆ. ಕೇಳಿದ್ದೇ ಮತ್ತೆ ಮತ್ತೆ ಬರೋದ್ರಿಂದ ಒಂದು ಕಡೆ ಬರೆದಿಟ್ಟಿದೀನಿ, ಪ್ರಶ್ನೆ ಅವರವರ ಮಾತಲ್ಲೇ ಇದೆ. ನಾನು ರೋಗಿ ನೋಡೋ ಡಾಕ್ಟರಲ್ಲ. ಇದನ್ನ ಓದಿ ಯಾರೂ ಮಾತ್ರೆ ಶುರು ಮಾಡೋದು, ಬಿಡೋದು ಮಾಡ್ಬೇಡಿ, ನಿಮ್ಮ ಡಾಕ್ಟರ್ ಹತ್ರ ಏನು ಕೇಳ್ಬೇಕು ಅಂತ ತಿಳ್ಕೊಳ್ಳೋಕೆ ಓದಿ.

ಮೊದಲು ಹೊಟ್ಟೆ ವಿಷಯ

"ಗ್ಯಾಸ್ಟ್ರಿಕ್ಕು, ಎಸಿಡಿಟಿ, ಅಲ್ಸರ್ರು ಎಲ್ಲಾ ಒಂದೇ ಅಲ್ದಾ?"

ಅಲ್ಲ. ನಮ್ಮಲ್ಲಿ ತೇಗು ಬಂದ್ರೂ ಗ್ಯಾಸ್ಟ್ರಿಕ್ಕು, ಎದೆ ಉರಿದ್ರೂ ಗ್ಯಾಸ್ಟ್ರಿಕ್ಕು, ಹಾರ್ಟ್ ಅಟ್ಯಾಕ್ ಆದ್ರೂ ಮೊದಲ ಎರಡು ತಾಸು ಗ್ಯಾಸ್ಟ್ರಿಕ್ಕೇ. ಆಮ್ಲ ಮೇಲಕ್ಕೆ ಅನ್ನನಾಳಕ್ಕೆ ಬಂದ್ರೆ ಎದೆ ಉರಿ. ಜಠರದ ಒಳಗೋಡೆಯಲ್ಲೋ ಅದರ ಮುಂದಿನ ಸಣ್ಣಕರುಳಿನ ಮೊದಲ ಭಾಗದಲ್ಲೋ ನಿಜವಾಗಿ ಗಾಯ ಆಗಿ ಗುಳಿ ಬಿದ್ರೆ ಅದು ಅಲ್ಸರ್, ಹುಣ್ಣು. ಗಾಯ ಇದೆಯೋ ಇಲ್ವೋ ಅಂತ ಖಾತ್ರಿಯಾಗಿ ಹೇಳೋದು ಎಂಡೋಸ್ಕೋಪಿ, ಅಂದ್ರೆ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡೋದು. ಹೊಟ್ಟೆ ಉರಿಯೋ ಬಹಳ ಜನರಿಗೆ ಹುಣ್ಣೇ ಇರೋದಿಲ್ಲ, ಅಂಥವರು ಯಾವುದೋ ಕಷಾಯ ಕುಡಿದು ನನ್ನ ಅಲ್ಸರ್ ವಾಸಿಯಾಯ್ತು ಅಂದಾಗ ಅಲ್ಲಿ ವಾಸಿಯಾಗಿದ್ದು ಅಲ್ಸರ್ ಆಗಿರ್ಲಿಕ್ಕಿಲ್ಲ.

ಮಲ ಟಾರಿನ ಹಾಗೆ ಕಪ್ಪಗೆ ಹೋದ್ರೆ, ವಾಂತೀಲಿ ರಕ್ತ ಅಥವಾ ಕಾಫಿಪುಡಿ ತರದ್ದು ಬಂದ್ರೆ, ತೂಕ ಸುಮ್ನೆ ಇಳೀತಾ ಇದ್ರೆ, ನುಂಗೋಕೆ ಕಷ್ಟ ಆದ್ರೆ ಮನೆಮದ್ದು ಬೇಡವೇ ಬೇಡ. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಹುಬ್ಬಳ್ಳಿ, ಮಣಿಪಾಲ, ಇಲ್ಲಾ ಗೋವಾ ಅಂತ ಗಂಟೆಗಟ್ಟಲೆ ದಾರಿ, ಘಟ್ಟ ಇಳೀಬೇಕು ಇಲ್ಲಾ ಹತ್ತಬೇಕು, ಅದಕ್ಕೇ ನಾಳೆ ನೋಡೋಣ ಅನ್ನೋ ಮಾತು ನಮಗೆ ಬೇರೆಯವರಿಗಿಂತ ಜಾಸ್ತಿ ದುಬಾರಿ.

"ಖಾರ ತಿಂದೇ ಹುಣ್ಣಾಗಿದ್ದು ಅಂತ ಅಮ್ಮ ಬೈತಾಳೆ, ಹೌದಾ ಸರ್?"

ಖಾರ ಉರಿ ತರಬಹುದು, ಹುಣ್ಣಿನ ಮೂಲ ಅದಲ್ಲ. 1984ರಲ್ಲಿ ಪ್ರಕಟ ಆದ ದೆಹಲಿಯ ಒಂದು ಅಧ್ಯಯನದಲ್ಲಿ ಸಣ್ಣಕರುಳಿನ ಹುಣ್ಣಿದ್ದವರಿಗೆ ಔಷಧಿ ಜೊತೆ ದಿನಾ 3 ಗ್ರಾಂ ಮೆಣಸಿನಪುಡಿ ಕೊಟ್ಟು ನೋಡಿದ್ರು, ಖಾರ ತಿಂದವರಿಗೂ ತಿನ್ನದವರಿಗೂ ಹುಣ್ಣು ಮಾಯೋದ್ರಲ್ಲಿ ವ್ಯತ್ಯಾಸ ಕಾಣ್ಲಿಲ್ಲ.

ದೊಡ್ಡ ಕಾರಣಗಳು ಎರಡು. ಒಂದು ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ಬರೂ 1982ರಲ್ಲಿ ಇದನ್ನ ಬೆಳೆಸಿ ತೋರಿಸಿದ್ರು, ಯಾರೂ ನಂಬದೆ ಇದ್ದಾಗ 1984ರಲ್ಲಿ ಮಾರ್ಷಲ್ ತಾನೇ ಆ ಬ್ಯಾಕ್ಟೀರಿಯಾ ಕುಡಿದು ಜಠರದ ಉರಿಯೂತ ತರಿಸ್ಕೊಂಡ್ರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇನ್ನೊಂದು ಕಾರಣ ನೋವಿನ ಮಾತ್ರೆ. ಬೀಡಿ ಸಿಗರೇಟು ಸೇದಿದ್ರೆ ಆದ ಹುಣ್ಣು ಮಾಯೋದು ತಡ ಆಗ್ತದೆ.

"ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ದಿನಾ ಒಂದು ನೋವಿನ ಮಾತ್ರೆ ಬೇಕೇ ಬೇಕು. ಊಟ ಆದ್ಮೇಲೆ ತಗೊಂಡ್ರೆ ಹೊಟ್ಟೆಗೆ ಎಂತ ಆಗ್ತಿಲ್ಲೆ ಅಲ್ದಾ?"

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗ್ತದೆ, ಯಾಕಂದ್ರೆ ಮರ ಹತ್ತೋರಿಗೆ, ಬಲೆ ಎಳೆಯೋರಿಗೆ ಮೈಕೈ ನೋವು ಸುಳ್ಳಲ್ಲ. ಆದ್ರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಹೊಟ್ಟೆಗೆ ತಾಗಿ ಮಾತ್ರ ಗಾಯ ಮಾಡೋದಲ್ಲ. ಜಠರದ ಒಳಗೋಡೆಗೆ ಲೋಳೆ ಹಚ್ಚಿ ಕಾಯೋ ಪ್ರೊಸ್ಟಾಗ್ಲಾಂಡಿನ್ ಅಂತ ಒಂದು ವಸ್ತು ಇದೆ, ಈ ಮಾತ್ರೆಗಳು ಮೈಯೆಲ್ಲಾ ಅದರ ತಯಾರಿಯನ್ನೇ ನಿಲ್ಲಿಸ್ತವೆ. ಇದನ್ನ 1971ರಲ್ಲಿ ತೋರಿಸಿಕೊಟ್ಟಿದ್ದು ಜಾನ್ ವೇನ್. ಹಾಗಾಗಿ ಊಟ ಆದ್ಮೇಲೆ ತಗೊಂಡ್ರೂ, ಇಂಜೆಕ್ಷನ್ ಚುಚ್ಚಿಸ್ಕೊಂಡ್ರೂ ಅಪಾಯ ಪೂರ್ತಿ ತಪ್ಪೋದಿಲ್ಲ. ವಯಸ್ಸು 60 ದಾಟಿದ್ರೆ, ಹಿಂದೆ ಹುಣ್ಣಾಗಿದ್ರೆ, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಇನ್ನೂ ಜಾಸ್ತಿ. ಮೆಡಿಕಲ್ ಶಾಪಿಂದ ಬಿಡಿಬಿಡಿಯಾಗಿ ತಂದು ತಿಂಗಳುಗಟ್ಟಲೆ ನುಂಗೋದನ್ನ ದಯವಿಟ್ಟು ಬಿಡಿ, ಡಾಕ್ಟರಿಗೆ ತೋರಿಸಿ ಬೇರೆ ದಾರಿ ಕೇಳಿ.

"ರಾತ್ರಿ ಒಂದು ಲೋಟ ಹಾಲು ಕುಡಿದ್ರೆ ತಂಪು, ಅಲ್ವಾ?"

ಕುಡಿದ ಕೂಡಲೇ ತಂಪು ಹೌದು, ಆಮೇಲೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಜಠರಕ್ಕೆ ಇನ್ನಷ್ಟು ಆಮ್ಲ ಬಿಡು ಅಂತ ಹೇಳ್ತವೆ. ಇಷ್ಟ ಇದ್ರೆ ಕುಡೀರಿ, ಹುಣ್ಣಿಗೆ ಮದ್ದು ಅಂತ ಕುಡೀಬೇಡಿ.

ನಮ್ಮ ಗಿಡಗಳು ಏನು ಮಾಡ್ತವೆ

"ಬಾಳೆಕಾಯಿ ಪುಡಿ ಅಲ್ಸರಿಗೆ ಒಳ್ಳೇದು ಅಂತಾರಲ್ಲ, ಅದಕ್ಕೆ ಸಾಕ್ಷಿ ಇದ್ಯಾ?"

ಇದೆ, ನನಗೆ ಬಹಳ ಇಷ್ಟದ ವಿಷಯ ಇದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ಸನ್ಯಾಲ್, ಮುಂದೆ ಗೋಯಲ್ ಅವರ ತಂಡಗಳು ಬಾಳೆಕಾಯಿ ಮೇಲೆ ಕೆಲಸ ಮಾಡಿದ್ರು. 1984ರಲ್ಲಿ ಇಂಗ್ಲೆಂಡಿನ ಒಂದು ತಂಡ ಇಲಿಗಳಿಗೆ ಆಸ್ಪಿರಿನ್ ಕೊಟ್ಟು ಹುಣ್ಣು ಮಾಡಿ ನೋಡ್ತು, ಒಣಗಿಸಿದ ಬಾಳೆಕಾಯಿ ಪುಡಿ ಹುಣ್ಣು ಆಗದ ಹಾಗೂ ತಡೀತು, ಆಗಿದ್ದನ್ನ ಮಾಯಿಸ್ತು ಕೂಡ. ಬಾಳೆಹಣ್ಣು ಮಾತ್ರ ಏನೂ ಮಾಡ್ಲಿಲ್ಲ! ಹಣ್ಣಾದ ಕೂಡಲೇ ಗುಣ ಹೋಯ್ತು. 1999ರಲ್ಲಿ ಅದರಲ್ಲಿರೋ ಲ್ಯೂಕೋಸಯನಿಡಿನ್ ಅನ್ನೋ ವಸ್ತುವನ್ನ ಬೇರ್ಪಡಿಸಿದ್ರು. ಇದು ಆಮ್ಲ ಕಮ್ಮಿ ಮಾಡೋ ದಾರಿ ಹಿಡಿಯೋದಿಲ್ಲ, ಒಳಗೋಡೆಯನ್ನೇ ದಪ್ಪ ಮಾಡ್ತದೆ, ಆಮ್ಲ ತಡೆಯೋ ಮಾತ್ರೆಗಿಂತ ಬೇರೆಯದೇ ಕೆಲಸ.

2021ರಲ್ಲಿ ನಮ್ಮ ಕಡೆ ಬಾಕಾಹು, ಅಂದ್ರೆ ಬಾಳೆಕಾಯಿ ಹುಡಿ ಮಾಡೋದು ಮನೆಮನೆಯಲ್ಲೂ ಶುರುವಾಯ್ತಲ್ಲ, ಆಗಿಂದ ಈ ಪ್ರಶ್ನೆ ಜಾಸ್ತಿ. ರೊಟ್ಟಿ ದೋಸೆ ಮಾಡಿ ತಿನ್ನಿ, ಒಳ್ಳೇದೇ. ಆದ್ರೆ ಪ್ರಯೋಗ ನಡೆದಿದ್ದು ಹಸಿಯಾಗಿ ಒಣಗಿಸಿದ ಪುಡಿ ಮೇಲೆ, ಬೇಯಿಸಿದ ದೋಸೆ ಮೇಲಲ್ಲ, ತಳಿಯೂ ನಮ್ಮ ಮಿಟ್ಲಿಯೋ ಕರಿಬಾಳೆಯೋ ಅಲ್ಲ. ನೋವಿನ ಮಾತ್ರೆ ನಿಲ್ಲಿಸದೆ, ಎಚ್. ಪೈಲೋರಿಗೆ ಚಿಕಿತ್ಸೆ ಮಾಡದೆ ಬರೀ ಬಾಕಾಹು ನಂಬಿ ಕೂರ್ಬೇಡಿ.

"ಜೇಷ್ಠಮಧು ಅಂತೂ ಆಯುರ್ವೇದದಲ್ಲೇ ಇದೆ, ದಿನಾ ತಗೊಂಡ್ರೆ ತೊಂದ್ರೆ ಇಲ್ಲ ತಾನೆ?"

ನಮ್ಮ ಅಪ್ಪಚ್ಚಿ, ಅಂದ್ರೆ ಚಿಕ್ಕಪ್ಪನೂ ಹೀಗೇ ಅಂದ್ಕೊಂಡಿದ್ದ. ಹೊಟ್ಟೆ ಉರಿಗೆ ಅಂತ ಮೂರು ತಿಂಗಳು ದಿನಾ ಎರಡು ಹೊತ್ತು ಜೇಷ್ಠಮಧು ಪುಡಿ, ಜೊತೆಗೆ ಮೊದಲಿಂದ ಇದ್ದ ಬೀಪಿ ಮಾತ್ರೆ. ಹೊಟ್ಟೆ ಉರಿ ನಿಜವಾಗಿ ಕಮ್ಮಿ ಆಯ್ತು. ಆದ್ರೆ ಕಾಲು ಬಾತು, ಬೀಪಿ ಏರಿ, ಮೆಟ್ಟಿಲು ಹತ್ತೋಕಾಗದಷ್ಟು ಸುಸ್ತು, ರಕ್ತ ಪರೀಕ್ಷೆ ಮಾಡಿಸಿದ್ರೆ ಪೊಟಾಶಿಯಂ ಪಾತಾಳಕ್ಕೆ ಇಳಿದಿತ್ತು. ಪುಡಿ ನಿಲ್ಲಿಸಿದ ಮೇಲೆ ಸರಿಯಾದ.

ಇದು ಹಳೇ ಕತೆ. 1946ರಲ್ಲಿ ನೆದರ್ಲೆಂಡ್ಸಿನ ರೆವರ್ಸ್ ಅನ್ನೋ ಡಾಕ್ಟರು ಜೇಷ್ಠಮಧು ಸಾರದಿಂದ ಹುಣ್ಣಿನ ರೋಗಿಗಳಿಗೆ ಗುಣ ಆಗೋದನ್ನೂ, ಜೊತೆಗೇ ಕೆಲವರ ಮೈ ಬಾತುಕೊಳ್ಳೋದನ್ನೂ ಬರೆದಿಟ್ರು. ಅದರಿಂದಲೇ ಮುಂದೆ ಬ್ರಿಟನ್ನಲ್ಲಿ ಕಾರ್ಬೆನಾಕ್ಸಲೋನ್ ಅನ್ನೋ ಮಾತ್ರೆ ಬಂತು, ಹುಣ್ಣು ಮಾಯಿಸ್ತು, ಇದೇ ತೊಂದರೆಗಳನ್ನೂ ತಂತು, ಒಳ್ಳೇ ಮಾತ್ರೆಗಳು ಬಂದ ಮೇಲೆ ಮೂಲೆಗೆ ಸೇರ್ತು. ಬೇರಲ್ಲಿರೋ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಉಪ್ಪು ನೀರು ಹಿಡಿದಿಟ್ಟು ಪೊಟಾಶಿಯಂ ಹೊರಗೆ ಹಾಕಿಸ್ತದೆ. ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಮೀರಬೇಡಿ ಅಂತಾರೆ, ಬೇರಿನಲ್ಲಿ ನೂರಕ್ಕೆ ಐದು ಪಾಲು ಅದಿದ್ರೆ 2 ಗ್ರಾಂ ಪುಡಿಗೇ ಮಿತಿ ಮುಟ್ಟಿತು. ಬೀಪಿ, ಹಾರ್ಟು, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ದೂರ ಇರಿ. ಗ್ಲಿಸಿರೈಜಿನ್ ತೆಗೆದ ಜೇಷ್ಠಮಧುವೂ ಸಿಗ್ತದೆ, ಅದರಿಂದ ಈ ತೊಂದರೆ ಇಲ್ಲ.

"ಒಂದೆಲಗದ ತಂಬುಳಿ, ಮುರುಗಲ ಪಾನಕ, ಹುರುಳಿ ಸಾರು ಇವೆಲ್ಲ ಹುಣ್ಣಿಗೆ ಮದ್ದಾ ಅಥ್ವಾ ಬರೀ ರುಚಿಗಾ?"

ಒಂದೆಲಗದ ಸಾರ ಇಲಿಗಳ ಜಠರದ ಹುಣ್ಣು ಬೇಗ ಮಾಯಿಸಿದ್ದಕ್ಕೆ ಹಾಂಗ್‌ಕಾಂಗಿನ ಕೆಲಸ ಇದೆ. ಮುರುಗಲ ಸಿಪ್ಪೆಯ ಗಾರ್ಸಿನಾಲ್ ಮೇಲೆ ಜಪಾನಿನಲ್ಲಿ ಇಲಿ ಪ್ರಯೋಗ ಆಗಿದೆ, ಆದ್ರೆ ಪಾನಕ ಹುಳಿ, ಎದೆ ಉರಿ ಇದ್ದವರಿಗೆ ಕೆಲವೊಮ್ಮೆ ಇನ್ನೂ ಉರೀತದೆ.

ಹುರುಳಿ ಕತೆ ನಮ್ಮ ರಾಜ್ಯದ್ದೇ. ಫ್ರಾಂಕ್ ಟೋವಿ ಅನ್ನೋ ಬ್ರಿಟಿಷ್ ಸರ್ಜನ್ 1950-60ರ ದಶಕದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಇದ್ರು. ಅಕ್ಕಿ ಉಣ್ಣೋ ಪ್ರದೇಶಗಳಲ್ಲಿ ಸಣ್ಣಕರುಳಿನ ಹುಣ್ಣು ಇಷ್ಟೊಂದು ಯಾಕೆ ಅನ್ನೋ ಪ್ರಶ್ನೆ ಹಿಡಿದು ಜೀವಮಾನ ಕೆಲಸ ಮಾಡಿದ್ರು. ಅವರ ತಂಡದ ಪ್ರಯೋಗದಲ್ಲಿ ಹುರುಳಿ ಕಾಳಿನ ಜಿಡ್ಡಿನ ಅಂಶ ಇಲಿಗಳ ಜಠರವನ್ನ ಕಾಪಾಡ್ತು. ಬಡವರ ಕಾಳು ಅಂತ ನಾವು ಪಕ್ಕಕ್ಕಿಟ್ಟಿದ್ದನ್ನ ಒಬ್ಬ ಸರ್ಜನ್ ಲ್ಯಾಬಿಗೆ ತಗೊಂಡು ಹೋದ ಅನ್ನೋದು ನೆನೆದಾಗ ನನಗೆ ಖುಷಿ ಆಗ್ತದೆ.

ಊಟದ ಅಳತೆಯಲ್ಲಿ ಇವನ್ನೆಲ್ಲ ಧೈರ್ಯವಾಗಿ ಉಣ್ಣಿ. ಸಾರ ಇಳಿಸಿ ಕ್ಯಾಪ್ಸೂಲ್ ಮಾಡಿ ಮಾರೋದು ಬೇರೆ ವಿಷಯ, ಅಲ್ಲಿ ತಂಬುಳಿಯ ಅಳತೆ ಉಳಿಯೋದಿಲ್ಲ.

"ಅರಿಶಿನಕ್ಕೆ ಕಾಳುಮೆಣಸು ಸೇರಿಸಿದ್ರೆ ಪವರ್ ಜಾಸ್ತಿ ಅಂತೆ, ನಿಜಾನಾ?"

ನಿಜ, ಅದನ್ನ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, 1998ರಲ್ಲಿ. ಅರಿಶಿನದ ಮುಖ್ಯ ವಸ್ತು ಕರ್ಕ್ಯುಮಿನ್, ಅದನ್ನ ಬರೀ 2 ಗ್ರಾಂ ಕೊಟ್ರೆ ರಕ್ತದಲ್ಲಿ ಕಾಣೋದೇ ಕಷ್ಟ, 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಮೆಣಸಿನ ಖಾರದ ವಸ್ತು, ಸೇರಿಸಿದ ಕೂಡಲೇ ಸುಮಾರು ಇಪ್ಪತ್ತು ಪಟ್ಟು ಏರ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ನೆಲ ನಮ್ಮದು, ಆ ಮೆಣಸಿನ ಒಳಗೆ ಇಂಥ ಶಕ್ತಿ ಇದೆ.

ಆದ್ರೆ ಪೈಪರಿನ್ ಮಾಡೋದು ಏನಂದ್ರೆ, ಕರುಳು ಮತ್ತು ಲಿವರ್ ಔಷಧಿಯನ್ನ ಒಡೆದು ಹೊರಗೆ ಹಾಕೋ ಕೆಲಸವನ್ನ ನಿಧಾನ ಮಾಡ್ತದೆ. ಅದಕ್ಕೆ ಅರಿಶಿನ ಯಾವುದು, ಮಾತ್ರೆ ಯಾವುದು ಅಂತ ಭೇದ ಗೊತ್ತಿಲ್ಲ. ಬೀಪಿಯ ಪ್ರೊಪ್ರನೊಲಾಲ್, ದಮ್ಮಿನ ಥಿಯೊಫಿಲಿನ್ ಎರಡೂ ರಕ್ತದಲ್ಲಿ ಏರಿದ್ದು ದಾಖಲಾಗಿದೆ. ಸಾರಿಗೆ ಹಾಕೋ ನಾಲ್ಕು ಕಾಳಿಗೆ ಹೆದರಬೇಡಿ, ಪೈಪರಿನ್ ಸೇರಿಸಿದ ಕ್ಯಾಪ್ಸೂಲಿಗೆ ಯೋಚನೆ ಮಾಡಿ. ಹೊಟ್ಟೆಗೆ ಅರಿಶಿನದ ಬಗ್ಗೆ ಹೇಳೋದಾದ್ರೆ, ಥಾಯ್ಲೆಂಡಿನಲ್ಲಿ 206 ಜನರನ್ನ ಸೇರಿಸ್ಕೊಂಡ ಒಂದು ಪ್ರಯೋಗ 2023ರಲ್ಲಿ ಪ್ರಕಟ ಆಯ್ತು, ಕರ್ಕ್ಯುಮಿನ್ ಮತ್ತು ಆಮ್ಲ ತಡೆಯೋ ಮಾತ್ರೆ ಒಮೆಪ್ರಜೋಲ್ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಆರಾಮ ಕೊಟ್ಟವು. ಆದ್ರೆ ಅವರದ್ದು ಗಾಯ ಇಲ್ಲದ ಅಜೀರ್ಣ, ಹುಣ್ಣಲ್ಲ.

"ಹಸುರು ಮದ್ದಿಗೆ ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ?"

ಕೆಲಸ ಮಾಡೋ ಯಾವ ವಸ್ತುವಿಗೂ ಇನ್ನೊಂದು ಮುಖ ಇರ್ತದೆ. ಸರ್ಪಗಂಧದ ರೆಸರ್ಪಿನ್ ಬೀಪಿ ಇಳಿಸ್ತದೆ, ಅದೇ ಹೊತ್ತಿಗೆ ಜಠರದ ಆಮ್ಲ ಏರಿಸ್ತದೆ, ಹುಣ್ಣಿದ್ದವರಿಗೆ ಅದು ಸಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಅತಿಯಾಗಿ ಕುಡಿದವರಲ್ಲಿ ಲಿವರ್ ಪೆಟ್ಟಾದ ಪ್ರಕರಣಗಳನ್ನ 2021ರಲ್ಲಿ ಮುಂಬೈ ಡಾಕ್ಟರುಗಳು ವರದಿ ಮಾಡಿದ್ರು.

ಸಂಶೋಧನೆ ಓದೋದು ಹೇಗೆ

"ಪೇಪರಲ್ಲಿ ಒಂದು ಕೆಜಿಗೆ 200 ಮಿಲಿಗ್ರಾಂ ಅಂತ ಬರೆದಿದೆ, ನಾನು 60 ಕೆಜಿ, ಹಾಗಾದ್ರೆ 12 ಗ್ರಾಂ ತಗೋಬೇಕಾ?"

ಬೇಡ! ಇಲಿಯ ದೇಹ ನಮ್ಮದಕ್ಕಿಂತ ಬಹಳ ಜೋರಾಗಿ ಓಡ್ತದೆ, ಔಷಧಿಯನ್ನೂ ಬೇಗ ಖಾಲಿ ಮಾಡ್ತದೆ. ಅದಕ್ಕೇ ಇಲಿ ಡೋಸನ್ನ ಮನುಷ್ಯರಿಗೆ ತರುವಾಗ ಚರ್ಮದ ವಿಸ್ತೀರ್ಣದ ಲೆಕ್ಕ ಹಿಡಿದು ಸುಮಾರು ಆರರಿಂದ ಭಾಗಿಸ್ತಾರೆ. 200 ಅಂದ್ರೆ ನಮಗೆ ಕೆಜಿಗೆ ಸುಮಾರು 32, 60 ಕೆಜಿಗೆ ಎರಡು ಗ್ರಾಂ ಹತ್ರ. ಅದೂ ಎಲೆ ಅಲ್ಲ, ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬಂದ್ರೆ ಎರಡು ಗ್ರಾಂ ಸಾರಕ್ಕೆ ಇಪ್ಪತ್ತು ಗ್ರಾಂ ಒಣ ಎಲೆ ಬೇಕು, ದಿನಾ. ಇಷ್ಟಾದ್ರೂ ಇದು ಪ್ರಯೋಗ ಶುರು ಮಾಡೋಕೆ ಸಂಶೋಧಕರು ಹಾಕೋ ಲೆಕ್ಕ, ಮನೇಲಿ ಅಳೆದು ಕುಡಿಯೋಕಲ್ಲ.

ಇನ್ನೊಂದು ಗಮನಿಸಿ, ಇಲಿಗೆ ಹುಣ್ಣು ಮಾಡಿದ್ದು ಹೇಗೆ ಅಂತ. ಕೆಲವರು ಸ್ಟ್ರಾಂಗ್ ಆಲ್ಕೋಹಾಲ್ ಕುಡಿಸ್ತಾರೆ, ಕೆಲವರು ಇಂಡೋಮೆಥಾಸಿನ್ ಅನ್ನೋ ನೋವಿನ ಮಾತ್ರೆ ಕೊಡ್ತಾರೆ, ಕೆಲವರು 1945ರ ಶೇ ವಿಧಾನದಲ್ಲಿ ಜಠರದ ಕೆಳಗಿನ ಬಾಯಿ ಕಟ್ತಾರೆ. ಇವುಗಳಲ್ಲಿ ಯಾವುದರಲ್ಲೂ ಎಚ್. ಪೈಲೋರಿ ಇಲ್ಲ, ಮನುಷ್ಯರ ಹುಣ್ಣಿಗೆ ಅದೇ ದೊಡ್ಡ ಕಾರಣ.

"ಲ್ಯಾಬಲ್ಲಿ ಬ್ಯಾಕ್ಟೀರಿಯಾ ಸತ್ತಿದೆ ಅಂದ್ಮೇಲೆ ಹೊಟ್ಟೇಲೂ ಸಾಯ್ಬೇಕಲ್ಲ?"

ಮೆಡಿಟರೇನಿಯನ್ ಕಡೆ ಮಾಸ್ಟಿಕ್ ಅಂತ ಒಂದು ಮರದ ಅಂಟು ಇದೆ. 1998ರಲ್ಲಿ ಅದು ಲ್ಯಾಬಿನ ತಟ್ಟೆಯಲ್ಲಿ ಎಚ್. ಪೈಲೋರಿ ಕೊಲ್ತದೆ ಅಂತ ಬಂದಾಗ ದೊಡ್ಡ ಸುದ್ದಿ ಆಯ್ತು. 2003ರಲ್ಲಿ ಕೆಲವೇ ರೋಗಿಗಳಿಗೆ ಎರಡು ವಾರ ಕೊಟ್ಟು ನೋಡಿದ್ರು, ಒಬ್ಬರಲ್ಲೂ ಬ್ಯಾಕ್ಟೀರಿಯಾ ಹೋಗ್ಲಿಲ್ಲ. ಅದು ಲೋಳೆಯ ಆಳದಲ್ಲಿ ಅಡಗಿ ಕೂತಿರ್ತದೆ, ಅಲ್ಲಿಗೆ ಬೇಕಾದಷ್ಟು ಮದ್ದು ಮುಟ್ಟಬೇಕು. ಅದಕ್ಕೇ ಇವತ್ತಿಗೂ ಎರಡು ಮೂರು ಆಂಟಿಬಯಾಟಿಕ್, ಜೊತೆಗೆ ಆಮ್ಲ ತಡೆಯೋ ಮಾತ್ರೆ, ಸಾಮಾನ್ಯವಾಗಿ 14 ದಿನ. ಮಧ್ಯದಲ್ಲಿ ಬಿಟ್ರೆ ಕೋರ್ಸ್ ಹಾಳು.

ಒಬ್ಬೊಬ್ಬರಿಗೆ ಒಂದೊಂದು ಡೋಸು ಯಾಕೆ

"ಅದೇ ಒಮೆಪ್ರಜೋಲ್ ಅಣ್ಣಂಗೆ ನಾಟ್ತದೆ, ನಂಗೆ ನಾಟೋದಿಲ್ಲ. ನಕಲಿ ಮಾತ್ರೆ ಕೊಟ್ರಾ?"

ಮೊದಲು ತಗೊಳ್ಳೋ ಹೊತ್ತು ನೋಡಿ. ಊಟಕ್ಕಿಂತ ಅರ್ಧ ತಾಸು ಮುಂಚೆ ತಗೋಬೇಕು, ಯಾಕಂದ್ರೆ ಆಮ್ಲದ ಪಂಪು ಓಡ್ತಾ ಇದ್ದಾಗ ಮಾತ್ರ ಈ ಮಾತ್ರೆ ಅದನ್ನ ಹಿಡಿದು ನಿಲ್ಲಿಸ್ತದೆ.

ಅದು ಸರಿ ಇದ್ರೆ ಮುಂದಿನ ಅನುಮಾನ ಲಿವರ್ ಮೇಲೆ. ಸಿವೈಪಿ2ಸಿ19 ಅನ್ನೋ ಕಿಣ್ವ ಒಮೆಪ್ರಜೋಲನ್ನ ಒಡೀತದೆ. ಅದರ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರ್ತದೆ, ಹಾಗಾಗಿ ಒಂದೇ ಮನೆಯ ಅಣ್ಣ ತಮ್ಮನಲ್ಲೂ ಬೇರೆ ಇರಬಹುದು. ಭಾರತದಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಬ್ಬರಿಗೆ ಎರಡೂ ಜೀನು ಕೆಲಸ ಮಾಡೋದಿಲ್ಲ, ಅವರಲ್ಲಿ ಔಷಧಿ ಬಹಳ ಹೊತ್ತು ಉಳೀತದೆ. ಇಲ್ಲಿ ನಿಧಾನವೇ ಲಾಭ: 1998ರಲ್ಲಿ ಜಪಾನಿನ ಫುರುಟಾ ತಂಡ ಒಮೆಪ್ರಜೋಲ್ 20 ಮಿಲಿಗ್ರಾಂ ಮತ್ತು ಅಮಾಕ್ಸಿಸಿಲಿನ್ ಕೊಟ್ಟು ನೋಡಿದಾಗ, ಬೇಗ ಒಡೆಯೋರಲ್ಲಿ ನೂರಕ್ಕೆ ಸುಮಾರು 29 ಜನರಿಗೆ ಎಚ್. ಪೈಲೋರಿ ಹೋಯ್ತು, ಮಧ್ಯಮದವರಲ್ಲಿ 60, ನಿಧಾನದವರಲ್ಲಿ ಎಲ್ಲರಿಗೂ. ಅದೇ ಮಾತ್ರೆ, ಅದೇ ಡೋಸು! ಅದೇ ಗುಂಪಿನ ರಾಬೆಪ್ರಜೋಲ್ ಈ ಕಿಣ್ವವನ್ನ ಅಷ್ಟು ನೆಚ್ಚಿಕೊಂಡಿಲ್ಲ, ಡಾಕ್ಟರು ಮಾತ್ರೆ ಬದಲಿಸಿದ್ರೆ ಇದೂ ಒಂದು ಕಾರಣ ಇರಬಹುದು.

"ಇದೆಲ್ಲ ಜೀನಿಂದ ಅಂತ ಯಾರಿಗೆ ಮೊದಲು ಹೊಳೀತು?"

1950ರ ದಶಕದಲ್ಲೇ ಟಿಬಿಯ ಐಸೋನಿಯಾಜಿಡ್ ಕೆಲವರಲ್ಲಿ ಬೇಗ, ಕೆಲವರಲ್ಲಿ ನಿಧಾನ ಖಾಲಿಯಾಗೋದು ಕಂಡಿತ್ತು. 1959ರಲ್ಲಿ ಫೋಗೆಲ್ ಈ ಶಾಸ್ತ್ರಕ್ಕೆ ಫಾರ್ಮಕೊಜೆನೆಟಿಕ್ಸ್ ಅಂತ ಹೆಸರಿಟ್ರು. ನನಗೆ ಮರೆಯೋಕಾಗದ್ದು ರಾಬರ್ಟ್ ಸ್ಮಿತ್ ಕತೆ. 1975ರಲ್ಲಿ ಲಂಡನ್ನಿನಲ್ಲಿ ತಾವೂ ಸಹೋದ್ಯೋಗಿಗಳೂ ಡೆಬ್ರಿಸೊಕ್ವಿನ್ ಅನ್ನೋ ಬೀಪಿ ಮಾತ್ರೆಯನ್ನ ಒಂದೇ ಅಳತೆಯಲ್ಲಿ ನುಂಗಿದ್ರು. ಉಳಿದವರಿಗೆ ಏನೂ ಆಗ್ಲಿಲ್ಲ, ಸ್ಮಿತ್ ಒಬ್ಬರೇ ಬೀಪಿ ಕುಸಿದು ಬಿದ್ರು. ಅದನ್ನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೇ ಈಗ ಸಿವೈಪಿ2ಡಿ6 ಅಂತ ಕರೆಯೋ ಕಿಣ್ವ.

"ಅಪ್ಪಂಗೆ ಸ್ಟೆಂಟ್ ಹಾಕಿದಾರೆ, ಕ್ಲೊಪಿಡೊಗ್ರೆಲ್ ಜೊತೆ ಒಮೆಪ್ರಜೋಲ್ ಕೊಡಬಾರದು ಅಂತ ಯಾರೋ ಅಂದ್ರು?"

ಹೇಳಿದವರು ಸರಿಯಾಗೇ ಹೇಳಿದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಕ್ಲೊಪಿಡೊಗ್ರೆಲ್ ಲಿವರಲ್ಲಿ ಅದೇ ಸಿವೈಪಿ2ಸಿ19 ಕೈಗೆ ಸಿಕ್ಕಿದ ಮೇಲೇ ಜೀವ ಬರೋದು, ಒಮೆಪ್ರಜೋಲ್ ಆ ಕೈಯನ್ನೇ ಕಟ್ಟಿಹಾಕ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎರಡನ್ನೂ ಜೊತೆಗೆ ಕೊಡಬೇಡಿ ಅಂದ್ರು. ಒಮೆಪ್ರಜೋಲ್ ಗುಂಪಿನದೇ ಆದ ಪ್ಯಾಂಟೊಪ್ರಜೋಲಿನಿಂದ ಈ ತೊಂದರೆ ಕಮ್ಮಿ. ಸ್ಟೆಂಟ್ ಇದ್ದವರು ಎರಡರಲ್ಲಿ ಯಾವುದನ್ನೂ ತಾವಾಗಿ ನಿಲ್ಲಿಸಬಾರದು, ಹಾರ್ಟಿನ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ.

"ವಾರ್ಫರಿನ್ ತಗೊಳ್ಳೋರು ಸೊಪ್ಪು ತಿನ್ನಲೇಬಾರದಾ? ತೋಟದ ಚಕ್ಕೋತ ಹಣ್ಣು?"

ಸೊಪ್ಪಿನಲ್ಲಿರೋ ವಿಟಮಿನ್ ಕೆ, ರಕ್ತ ತೆಳು ಮಾಡೋ ವಾರ್ಫರಿನ್ನಿಗೆ ಎದುರಾಳಿ. ತಿನ್ನೋದು ಬಿಡಬೇಕಿಲ್ಲ, ವಾರಕ್ಕೆ ಇಷ್ಟು ಅಂತ ಒಂದೇ ಸಮ ಇರಲಿ. ಮಳೆಗಾಲದಲ್ಲಿ ದಿನಾ ಎಲೆಸೊಪ್ಪಿನ ತಂಬುಳಿ, ಬೇಸಿಗೇಲಿ ಒಂದೂ ಇಲ್ಲ ಅಂತಾದ್ರೆ ರಕ್ತ ಪರೀಕ್ಷೆಯ ಅಂಕಿ ಏರಿಳೀತದೆ.

ಚಕ್ಕೋತ ಬೇರೆ ಲೆಕ್ಕ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್, 1989ರಲ್ಲಿ ಕೆನಡಾದಲ್ಲಿ ಆಲ್ಕೋಹಾಲಿನ ರುಚಿ ಮುಚ್ಚೋಕೆ ಅಂತ ಆ ರಸ ಬಳಸಿದಾಗ ಫೆಲೋಡಿಪಿನ್ ಅನ್ನೋ ಬೀಪಿ ಮಾತ್ರೆ ರಕ್ತದಲ್ಲಿ ಏರಿಬಿಟ್ಟಿತ್ತು. ಕರುಳಿನ ಕಿಣ್ವವನ್ನ ಕೆಡಿಸೋ ಅದೇ ಜಾತಿಯ ವಸ್ತುಗಳು ಚಕ್ಕೋತದಲ್ಲೂ ಇವೆ. ಕೊಲೆಸ್ಟರಾಲಿನ ಸಿಮ್ವಸ್ಟಾಟಿನ್, ಕಿಡ್ನಿ ಕಸಿ ಆದವರ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ಇದ್ರೆ ಚಕ್ಕೋತ ನೆಂಟರಿಗೆ ಕೊಡಿ.

"ಆಯಿಗೆ 82 ವರ್ಷ, ಎಲ್ಲಾ ಮಾತ್ರೆ ಅರ್ಧ ಮಾಡಿ ಕೊಟ್ರೆ ಆಯ್ತಲ್ಲ?"

ಒಂದೊಂದು ಮಾತ್ರೆಗೆ ಒಂದೊಂದು ನ್ಯಾಯ. ಆಮ್ಲ ಕಮ್ಮಿ ಮಾಡೋ ಫಮೋಟಿಡಿನ್ ಕಿಡ್ನಿ ದಾರಿಯಲ್ಲಿ ಹೊರಗೆ ಹೋಗೋದು, ವಯಸ್ಸಾದಂತೆ ಕಿಡ್ನಿ ಸೋಸೋದು ಕಮ್ಮಿ ಆಗ್ತದೆ, ಅದಕ್ಕೆ ಡೋಸು ಇಳಿಸಬೇಕಾಗಬಹುದು. ಪ್ಯಾಂಟೊಪ್ರಜೋಲ್ ಲಿವರ್ ದಾರಿ, ಕಿಡ್ನಿಗೆ ಅಂತ ಇಳಿಸಬೇಕಿಲ್ಲ. ಅದೂ ಅಲ್ಲದೆ ಹೊಟ್ಟೆ ಆಮ್ಲಕ್ಕೆ ಕರಗದ ಹಾಗೆ ಕವಚ ಹಾಕಿದ ಮಾತ್ರೆ ಅದು, ಮುರಿದ್ರೆ ಕೆಲಸಕ್ಕೇ ಬರೋದಿಲ್ಲ. ವರ್ಷಗಟ್ಟಲೆ ಅದನ್ನೇ ತಗೊಳ್ತಿದ್ರೆ ಬಿ12, ಮೆಗ್ನೀಶಿಯಂ ನೋಡಿಸಿ, ಇನ್ನೂ ಬೇಕಾ ಅಂತ ಕೇಳಿ. ಒಮ್ಮೆಲೇ ನಿಲ್ಲಿಸಿದ್ರೆ ಕೆಲವು ವಾರ ಆಮ್ಲ ಮೊದಲಿಗಿಂತ ಜೋರಾಗಿ ಬರಬಹುದು, ಅದು ನೋಡಿ ಜನ ಮಾತ್ರೆ ಇಲ್ದೆ ಆಗೋದೇ ಇಲ್ಲ ಅಂತ ಮತ್ತೆ ಶುರು ಮಾಡ್ತಾರೆ.

"ಜೀನ್ ಟೆಸ್ಟ್ ಮಾಡಿಸ್ಲಾ ಹಾಗಾದ್ರೆ?"

ಬರೀ ಎದೆ ಉರಿಗೆ ಬೇಡ. ಸ್ಟೆಂಟ್ ಇದ್ದೂ ಮತ್ತೆ ರಕ್ತ ಹೆಪ್ಪುಗಟ್ಟಿದವರು, ಎಚ್. ಪೈಲೋರಿ ಚಿಕಿತ್ಸೆ ಸರಿಯಾಗಿ ತಗೊಂಡೂ ಸೋತವರು ಡಾಕ್ಟರ್ ಹತ್ರ ಕೇಳಬಹುದು.

ಕೊನೆಗೆ ಎರಡು

"ನಮ್ಮ ಅಜ್ಜಿ ಮದ್ದು ಹೇಳಿಬಿಟ್ರೆ ಯಾರೋ ಪೇಟೆಂಟ್ ಮಾಡ್ಕೊಂಡು ಹೋದ್ರೆ?"

ಭಯ ಸುಳ್ಳಲ್ಲ. ಗಾಯಕ್ಕೆ ಅರಿಶಿನ ಅನ್ನೋದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ರು, ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥ ತೋರಿಸಿ ವಾದ ಮಾಡಿದ್ಮೇಲೆ 1997ರಲ್ಲಿ ರದ್ದಾಯ್ತು. ಬರೆದಿಟ್ಟಿದ್ದೇ ಆಗ ಕೈ ಹಿಡಿದಿದ್ದು. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪಂಚಾಯ್ತಿಯಲ್ಲಿ ಜೀವವೈವಿಧ್ಯ ಸಮಿತಿ, ದಾಖಲಾತಿ ಪುಸ್ತಕ ಇರಬೇಕು. ಹಾಲಕ್ಕಿ, ಸಿದ್ದಿ, ಕುಣಬಿ ಮನೆಗಳ ಹಿರಿಯರು ಹೇಳಿದ್ದನ್ನ ಅವರ ಹೆಸರಲ್ಲೇ, ಅವರ ಒಪ್ಪಿಗೆ ಪಡೆದೇ ಬರೆಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸಂಶೋಧನೆ ಮಾಡೋರು ಎಲೆ ಕಿತ್ಕೊಂಡು ಹೋಗಿ ಮತ್ತೆ ಆ ಮನೆ ಮೆಟ್ಟಿಲು ಹತ್ತದೇ ಇರೋದನ್ನ ನೋಡಿದೀನಿ, ಅದು ತಪ್ಪು.

"ನಾಟಿ ಮದ್ದು ತಗೊಳ್ತಿದ್ದೆ ಅಂದ್ರೆ ಡಾಕ್ಟರು ಬೈತಾರೆ, ಹೇಳೋದಾ ಬಿಡೋದಾ?"

ಹೇಳಿ, ಬೈದ್ರೂ ಹೇಳಿ. ನಮ್ಮ ಅಪ್ಪಚ್ಚಿ ಹೇಳದೇ ಇದ್ದಿದ್ದಕ್ಕೆ ಅವನಿಗೆ ಬೀಪಿ ಮಾತ್ರೆ ಎರಡು ಸಲ ಏರಿಸಿದ್ರು. ಬಾಯಲ್ಲಿ ಹೇಳೋಕೆ ಮುಜುಗರ ಆದ್ರೆ ಚೀಟೀಲಿ ಬರ್ಕೊಂಡು ಹೋಗಿ: ಯಾವ ಗಿಡ, ಬೇರೋ ಎಲೆಯೋ ತೊಗಟೆಯೋ, ಪುಡಿಯೋ ಕಷಾಯವೋ, ಎಷ್ಟು ಚಮಚ, ಎಷ್ಟು ದಿನದಿಂದ. ಮದ್ದೋ ಮಾತ್ರೆಯೋ ತಗೊಂಡು ತೊಂದರೆ ಆಗಿದ್ರೆ ದೇಶದ ಔಷಧ ಸುರಕ್ಷತಾ ಕಾರ್ಯಕ್ರಮದ 1800-180-3024 ನಂಬರಿಗೆ ಯಾರು ಬೇಕಾದ್ರೂ ತಿಳಿಸಬಹುದು. ಗಿಡದ ಹೆಸರು ಮಾತ್ರ ಬರೆದ್ರೆ ಸಾಲೋದಿಲ್ಲ. ಬ್ರಾಹ್ಮಿ ಅಂದ್ರೆ ಒಬ್ಬರಿಗೆ ಒಂದೆಲಗ, ಇನ್ನೊಬ್ಬರಿಗೆ ನೀರುಬ್ರಾಹ್ಮಿ, ಎರಡೂ ಬೇರೆ ಬೇರೆ ಗಿಡ. ಹೂವೋ ಕಾಯಿಯೋ ಇರೋ ಒಂದು ಟೊಂಗೆಯನ್ನ ಪೇಪರಲ್ಲಿ ಸುತ್ತಿ ಚೀಟಿ ಜೊತೆಗೇ ತಗೊಂಡು ಹೋಗಿ.